ಬೇಟೆ ರೈಫಲ್‌ನ ಮಾರ್ಪಾಡು

ಬೇಟೆ ರೈಫಲ್‌ನ ಮಾರ್ಪಾಡು ಎಂದರೆ ಕಡಿಮೆ ಬೆಲೆಯ ಬೇಟೆ ರೈಫಲ್ ಅಥವಾ ಸೇನೆ ಕೈಬಿಟ್ಟ ಹಳೆಯ ರೈಫಲ್ ಒಂದನ್ನು ತಳಹದಿಯಾಗಿ ಇಟ್ಟುಕೊಂಡು, ಅದರ ನಳಿಗೆ, ಸ್ಟಾಕ್, ಟ್ರಿಗರ್ ಮತ್ತು ಗುರಿನೋಟಗಳನ್ನು ಬದಲಿಸಿ, ಬಳಸುವವರ ಅಗತ್ಯಕ್ಕೆ ತಕ್ಕಂತೆ ಹೊಸ ರೈಫಲ್ ಒಂದನ್ನು ರೂಪಿಸುವ ಕ್ರಮ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ಯುರೋಪಿನ ಕೆಲವು ದೇಶಗಳಲ್ಲಿ ಇದು ಹವ್ಯಾಸವೂ ಹೌದು, ಕಸುಬೂ ಹೌದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳಿಂದಾಗಿ ಇದರ ವ್ಯಾಪ್ತಿ ತೀರ ಕಿರಿದು. ಇಲ್ಲಿ ಅಗ್ಗದ ಬೇಟೆ ರೈಫಲ್ ಎಂದರೆ ಬಹುತೇಕ .315 ಬೋರ್‌ನ ಇಶಾಪುರ ರೈಫಲ್. ಅದು ಸ್ವತಃ ಒಂದು ಸೇನಾ ರೈಫಲ್‌ನ ಮಾರ್ಪಟ್ಟ ರೂಪ. ಕರ್ನಾಟಕದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಕೋವಿಯ ಪ್ರಶ್ನೆ ಬೆಳೆ ರಕ್ಷಣೆ ಮತ್ತು ಕರಡಿ ಸಂರಕ್ಷಣೆಗಳೆರಡಕ್ಕೂ ಸಂಬಂಧಿಸಿದೆ.

ರೈಫಲ್‌ನ ಭಾಗಗಳು

ರೈಫಲ್‌ನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಇವು ಗುಂಡನ್ನು ತಿರುಗಿಸಿ, ಅದು ದೂರದವರೆಗೆ ನೇರವಾಗಿ ಸಾಗುವಂತೆ ಮಾಡುತ್ತವೆ. ಗ್ರಾಮೀಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುವ ಕೇಪಿನ ಕೋವಿ, ಒಂಟಿ ನಳಿಗೆಯ ಕೋವಿ ಮತ್ತು ಜೋಡಿ ನಳಿಗೆಯ ತೋಟಾ ಕೋವಿಗಳ ಒಳಮೈ ನುಣುಪಾಗಿರುತ್ತದೆ. ಕಾನೂನು ಈ ಎರಡು ಬಗೆಗಳನ್ನು ಬೇರೆಬೇರೆಯಾಗಿ ಪರಿಗಣಿಸುವುದರಿಂದ ಈ ವ್ಯತ್ಯಾಸ ಮುಖ್ಯವಾದುದು.

ಬೋಲ್ಟ್ ಮಾದರಿಯ ರೈಫಲ್‌ನಲ್ಲಿ ನಾಲ್ಕು ಪ್ರಧಾನ ಭಾಗಗಳಿವೆ.

* ಆ್ಯಕ್ಷನ್: ತೋಟಾವನ್ನು ಒಳಗೆ ಕೂರಿಸಿ, ಭದ್ರವಾಗಿ ಬಂಧಿಸಿ, ಸಿಡಿದ ಬಳಿಕ ಅದರ ಕೋಶವನ್ನು ಹೊರತೆಗೆಯುವ ಯಂತ್ರಭಾಗ. ಬೋಲ್ಟ್ ಇದರೊಳಗೆ ಚಲಿಸುತ್ತದೆ.
* ನಳಿಗೆ: ಆ್ಯಕ್ಷನ್‌ನ ಮುಂತುದಿಗೆ ಜೋಡಿಸಿದ ಉಕ್ಕಿನ ಕೊಳವೆ.
* ಸ್ಟಾಕ್: ಭುಜಕ್ಕೆ ಆನಿಸಿ ಹಿಡಿಯುವ, ಮರ ಅಥವಾ ಕೃತಕ ವಸ್ತುವಿನ ಭಾಗ.
* ಟ್ರಿಗರ್ ಮತ್ತು ಗುರಿನೋಟ: ಗುಂಡು ಹಾರಿಸುವ ಹಾಗೂ ಗುರಿ ಹಿಡಿಯುವ ಸಾಧನಗಳು.

ಮಾರ್ಪಾಡಿನಲ್ಲಿ ಸಾಮಾನ್ಯವಾಗಿ ಬದಲಾಗದೆ ಉಳಿಯುವುದು ಆ್ಯಕ್ಷನ್ ಮಾತ್ರ. ತೋಟಾ ಸಿಡಿದಾಗ ಉಂಟಾಗುವ ಒತ್ತಡವನ್ನು ತಡೆದುಕೊಳ್ಳುವ ಭಾಗ ಅದೇ. ಸರಣಿ ಸಂಖ್ಯೆಯೂ ಬಹುಮಟ್ಟಿಗೆ ಅದರ ಮೇಲೆಯೇ ಇರುತ್ತದೆ. ಆದ್ದರಿಂದ ಆ್ಯಕ್ಷನ್ ಗಟ್ಟಿಯಾಗಿದ್ದು ಉಳಿದ ಭಾಗಗಳು ಸಾಧಾರಣವಾಗಿರುವ ಅಗ್ಗದ ರೈಫಲ್ ಉತ್ತಮ ತಳಹದಿ ಎನಿಸುತ್ತದೆ. ಆ್ಯಕ್ಷನ್ ದುರ್ಬಲವಾಗಿದ್ದರೆ, ಅದಕ್ಕೆ ಎಷ್ಟು ಬೆಲೆಬಾಳುವ ಭಾಗಗಳನ್ನು ಜೋಡಿಸಿದರೂ ದುರ್ಬಲತೆ ಹಾಗೆಯೇ ಉಳಿಯುತ್ತದೆ.

ಇತಿಹಾಸ

ಜರ್ಮನಿಯ ಸೇನೆ 1898ರಲ್ಲಿ ಅಂಗೀಕರಿಸಿದ ಮೌಸರ್ ರೈಫಲ್‌ನ ಆ್ಯಕ್ಷನ್ ಬೇಟೆ ರೈಫಲ್‌ಗಳ ಇತಿಹಾಸದಲ್ಲಿ ಅತ್ಯಂತ ಹೆಚ್ಚು ಬಳಕೆಗೆ ಬಂದ ತಳಹದಿ. ಅದರ ಬೋಲ್ಟ್‌ನ ಮುಂತುದಿಯಲ್ಲಿಯೇ ಬಂಧಕ ಹಲ್ಲುಗಳಿದ್ದು, ಅವು ಹೆಚ್ಚಿನ ಒತ್ತಡವನ್ನು ತಾಳಬಲ್ಲವು. ಲಂಡನ್ನಿನ ಜಾನ್ ರಿಗ್ಬಿ ಸಂಸ್ಥೆ ಮೌಸರ್ ಆ್ಯಕ್ಷನ್‌ಗಳ ಮೇಲೆ ಬೇಟೆ ರೈಫಲ್‌ಗಳನ್ನು ಕಟ್ಟಿ ಹೆಸರು ಪಡೆಯಿತು. ಕುಮಾವೂಂ ಪ್ರದೇಶದ ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ ಅವರಿಗೆ ದೊರೆತ .275 ರಿಗ್ಬಿ ರೈಫಲ್ ಇದೇ ಬಗೆಯದು. ದಕ್ಷಿಣ ಭಾರತದ ಬೇಟೆಯ ಬರಹಗಳಿಂದ ಹೆಸರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರು ಬಳಸಿದ್ದು .405 ವಿಂಚೆಸ್ಟರ್ ಎಂಬ ಕಾರ್ಖಾನೆ ಮಾದರಿಯನ್ನು.

ಅಮೆರಿಕದಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗಾಗಿ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಸೇನಾ ರೈಫಲ್ ಒಂದನ್ನು ಬೇಟೆಗೆ ಒಗ್ಗುವಂತೆ ಬದಲಿಸಲಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅಸಂಖ್ಯಾತ ಸೇನಾ ರೈಫಲ್‌ಗಳು ಅತಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂದವು. ಅವುಗಳ ಉದ್ದನೆಯ ಮರವನ್ನು ಕತ್ತರಿಸಿ, ನಳಿಗೆಯನ್ನು ಮೋಟುಗೊಳಿಸಿ, ದೂರದರ್ಶಕ ಜೋಡಿಸಿ ಬೇಟೆಗೆ ಬಳಸುವುದು ವ್ಯಾಪಕವಾಯಿತು. ಈ ಕೆಲಸಕ್ಕೆ ಸ್ಪೋರ್ಟರೈಸಿಂಗ್ ಎಂಬ ಹೆಸರು ಬಂದಿತು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಹೀಗೆ ಬದಲಿಸಿ ಮಾರುತ್ತಿತ್ತು. ಅಂದು ಅಗ್ಗವೆಂದು ಕತ್ತರಿಸಲಾದ ಈ ರೈಫಲ್‌ಗಳು ಮೂಲ ರೂಪದಲ್ಲಿಯೇ ಉಳಿದಿದ್ದರೆ ಇಂದು ಸಂಗ್ರಾಹಕರಿಂದ ಹೆಚ್ಚು ಬೆಲೆ ಪಡೆಯುತ್ತವೆ.

ಸೇನಾ ರೈಫಲ್‌ಗಳ ಪೂರೈಕೆ ಕಡಿಮೆಯಾದಂತೆ ಕಾರ್ಖಾನೆಯ ಬೇಟೆ ರೈಫಲ್‌ಗಳೇ ತಳಹದಿಯಾದವು. 1958ರಲ್ಲಿ ಬಂದ ಸ್ಯಾವೇಜ್ 110 ಮಾದರಿಯಲ್ಲಿ ನಳಿಗೆಯನ್ನು ಪ್ರತ್ಯೇಕ ನಟ್ಟೊಂದರಿಂದ ಬಿಗಿಯುವ ಏರ್ಪಾಡಿದೆ. ಉತ್ಪಾದನೆಯ ವೆಚ್ಚ ತಗ್ಗಿಸಲು ಮಾಡಿದ ಈ ವಿನ್ಯಾಸ ನಳಿಗೆ ಬದಲಿಸುವುದನ್ನೂ ಸುಲಭಗೊಳಿಸಿತು. 1962ರಲ್ಲಿ ಬಂದ ರೆಮಿಂಗ್‌ಟನ್ 700 ಎಂಬ ಬೇಟೆ ರೈಫಲ್‌ನ ಆ್ಯಕ್ಷನ್ ಮೇಲೆ ಅಮೆರಿಕದ ಮರೀನ್ ದಳದ ಎಂ40 ಮತ್ತು ಭೂಸೇನೆಯ ಎಂ24 ದೂರಗುರಿ ರೈಫಲ್‌ಗಳು ರೂಪುಗೊಂಡವು. ಸೇನೆಯಿಂದ ಬೇಟೆಗೆ ಸಾಗುತ್ತಿದ್ದ ದಾರಿ ಇಲ್ಲಿ ಬೇಟೆಯಿಂದ ಸೇನೆಗೆ ತಿರುಗಿತು. ಜಪಾನಿನ ಹೋವಾ 1500 ಕೂಡ ಇಂತಹ ತಳಹದಿಗಳಲ್ಲಿ ಒಂದು.

ಮಾರ್ಪಾಡಿನ ಬಗೆಗಳು

ಪರವಾನಗಿ ಪಡೆದ ಕೋವಿ ತಯಾರಕರು ಕೈಗೊಳ್ಳುವ ಬದಲಾವಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹೊರಮೈಯ ಬದಲಾವಣೆ. ಸ್ಟಾಕ್‌ನ ಉದ್ದವನ್ನು ಬಳಸುವವರ ತೋಳಿಗೆ ಹೊಂದಿಸುವುದು, ಹಿಂಬದಿಗೆ ರಬ್ಬರ್ ಮೆತ್ತೆ ಕೂರಿಸುವುದು, ಮರಕ್ಕೆ ಎಣ್ಣೆ ಹಚ್ಚಿ ಹದಗೊಳಿಸುವುದು, ಭುಜಪಟ್ಟಿ ಮತ್ತು ದೂರದರ್ಶಕ ಜೋಡಿಸುವುದು ಇದರಲ್ಲಿ ಸೇರುತ್ತವೆ. ಇವು ರೈಫಲ್‌ನ ಮೂಲ ಗುಣವನ್ನು ಬದಲಿಸುವುದಿಲ್ಲ.

ಎರಡನೆಯದು ಹೊಂದಾಣಿಕೆಯ ಬದಲಾವಣೆ. ಆ್ಯಕ್ಷನ್ ಮರದೊಳಗೆ ಅಲುಗಾಡದಂತೆ ಗಟ್ಟಿ ರಾಳ ತುಂಬಿ ಕೂರಿಸುವುದನ್ನು ಬೆಡ್ಡಿಂಗ್ ಎನ್ನುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ನಳಿಗೆಯ ಮೇಲೆ ಒತ್ತಡ ಬಿದ್ದು ಗುರಿ ತಪ್ಪುವುದನ್ನು ತಡೆಯಲು, ನಳಿಗೆ ಮತ್ತು ಮರದ ನಡುವೆ ತೆಳುವಾದ ಅಂತರ ಬಿಡುವುದೂ ಉಂಟು. ಅಗ್ಗದ ರೈಫಲ್‌ಗಳ ಗುರಿ ಸುಧಾರಿಸುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಮೂರನೆಯದು ಯಂತ್ರಭಾಗದ ಬದಲಾವಣೆ. ನಳಿಗೆ ಬದಲಿಸುವುದು, ಬೇರೆ ಅಳತೆಯ ತೋಟಾಕ್ಕೆ ಹೊಂದಿಸುವುದು, ಟ್ರಿಗರ್ ಬದಲಿಸುವುದು ಇದಕ್ಕೆ ಸೇರಿದವು. ಇಲ್ಲಿ ಮುಖ್ಯವಾದ ಅಳತೆ ಹೆಡ್‌ಸ್ಪೇಸ್, ಅಂದರೆ ಬೋಲ್ಟ್‌ನ ಮುಖಕ್ಕೂ ತೋಟಾವನ್ನು ತಡೆದು ನಿಲ್ಲಿಸುವ ನಳಿಗೆಯ ಭಾಗಕ್ಕೂ ನಡುವಿನ ಅಂತರ. ಅದು ಹೆಚ್ಚಾದರೆ ತೋಟಾದ ಕೋಶ ಸೀಳಿ, ಬಿಸಿ ಅನಿಲ ಹಿಂದಕ್ಕೆ ಚಿಮ್ಮಿ ಕಣ್ಣು ಮತ್ತು ಮುಖಕ್ಕೆ ಗಾಯವಾಗಬಹುದು. ಈ ಕಾರಣದಿಂದ ಹಲವು ದೇಶಗಳಲ್ಲಿ ನಳಿಗೆ ಬದಲಿಸಿದ ಪ್ರತಿ ರೈಫಲ್ ಅಧಿಕೃತ ಕೇಂದ್ರದಲ್ಲಿ ಒತ್ತಡದ ಪರೀಕ್ಷೆಗೆ ಒಳಗಾಗಿ ಮುದ್ರೆ ಪಡೆಯಬೇಕು.

ವೆಚ್ಚದ ದೃಷ್ಟಿಯಿಂದ ನಳಿಗೆ, ಸ್ಟಾಕ್, ದೂರದರ್ಶಕ ಮತ್ತು ಕುಶಲಕರ್ಮಿಯ ಕೂಲಿ ಸೇರಿ ಮೂಲ ರೈಫಲ್‌ನ ಬೆಲೆಯನ್ನು ಮೀರುವುದು ಸಾಮಾನ್ಯ. ಮಾರುವಾಗ ಈ ಹಣ ಪೂರ್ತಿಯಾಗಿ ಮರಳುವುದು ಅಪರೂಪ.

ಭಾರತದ .315 ರೈಫಲ್

ಬ್ರಿಟಿಷ್ ಆಳ್ವಿಕೆಯಲ್ಲಿ ಸೇನೆಯ .303 ತೋಟಾ ನಾಗರಿಕರ ಅಥವಾ ಬಂಡಾಯಗಾರರ ಕೈಸೇರದಂತೆ ಆ ಅಳತೆಯ ರೈಫಲ್‌ಗಳನ್ನು ಸಾರ್ವಜನಿಕರಿಗೆ ನಿರ್ಬಂಧಿಸಲಾಯಿತು. ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಬಿಎಸ್‌ಎ ಮೊದಲಾದ ತಯಾರಕರು ಲೀ ಮಾದರಿಯ ಬೇಟೆ ರೈಫಲ್‌ಗಳನ್ನು ಬೇರೆ ಅಳತೆಗಳಲ್ಲಿ ಕಳುಹಿಸತೊಡಗಿದರು. ಅವುಗಳಲ್ಲಿ ಹೆಚ್ಚು ಪ್ರಚಾರ ಪಡೆದುದು .315. ಇದರ ಮೂಲ ಆಸ್ಟ್ರಿಯಾ-ಹಂಗರಿಯ ಸೇನೆಯ 8×50 ಮಿ.ಮೀ. ಮ್ಯಾನ್‌ಲಿಚರ್ ತೋಟಾ. ಹೀಗಾಗಿ ಭಾರತದ ಸಾಮಾನ್ಯ ಬೇಟೆ ರೈಫಲ್ ಬ್ರಿಟಿಷ್ ಆ್ಯಕ್ಷನ್ ಮತ್ತು ಆಸ್ಟ್ರಿಯನ್ ತೋಟಾಗಳ ಜೋಡಣೆಯಾಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿಯೂ ಸೇನಾ ಅಳತೆಯ ಮೇಲಿನ ನಿರ್ಬಂಧದಿಂದಾಗಿ .303 ರೈಫಲ್‌ಗಳನ್ನು .25 ಅಳತೆಗೆ ಬದಲಿಸುವ ರೂಢಿ ಬೆಳೆಯಿತು.

ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಆ್ಯಕ್ಷನ್ ಮೇಲೆ .315 ಸ್ಪೋರ್ಟಿಂಗ್ ರೈಫಲ್ ತಯಾರಿಸಿ ಪರವಾನಗಿದಾರರಿಗೆ ಮಾರುತ್ತ ಬಂದಿದೆ. ಆಯುಧ ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಇಶಾಪುರ ಕಾರ್ಖಾನೆ ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಸಂಸ್ಥೆಯ ಭಾಗವಾಯಿತು.

ತಳಹದಿಯಾಗಿ ಈ ರೈಫಲ್‌ಗೆ ಕೆಲವು ಮಿತಿಗಳಿವೆ. ಲೀ-ಎನ್‌ಫೀಲ್ಡ್ ಬೋಲ್ಟ್‌ನ ಬಂಧಕ ಹಲ್ಲುಗಳು ಹಿಂಬದಿಯಲ್ಲಿರುವುದರಿಂದ, ಗುಂಡು ಸಿಡಿದಾಗ ಬೋಲ್ಟ್ ಸ್ವಲ್ಪ ಕುಗ್ಗಿ ಹಿಗ್ಗುತ್ತದೆ. ಹೆಚ್ಚು ಒತ್ತಡದ ಆಧುನಿಕ ತೋಟಾಗಳಿಗೆ ಈ ರಚನೆ ಮೌಸರ್‌ನಷ್ಟು ಒಗ್ಗುವುದಿಲ್ಲ. ಸ್ಟಾಕ್ ಎರಡು ತುಂಡುಗಳಾಗಿರುವುದರಿಂದ ಒಂದೇ ಮರದ ಸ್ಟಾಕ್ ಕೂರಿಸಲು ಆಗುವುದಿಲ್ಲ. ಮೇಲ್ಭಾಗದ ರಚನೆ ದೂರದರ್ಶಕ ಜೋಡಿಸಲೆಂದು ಮಾಡಿದುದಲ್ಲ. ವೇಗದ ಬೋಲ್ಟ್ ಚಲನೆ, ಧೂಳು ಕೆಸರುಗಳಲ್ಲಿಯೂ ಕೆಲಸ ನಿಲ್ಲಿಸದ ಗುಣ ಮತ್ತು ಸುಲಭ ನಿರ್ವಹಣೆ ಇದರ ಅನುಕೂಲಗಳು. ಸುಮಾರು 15.8 ಗ್ರಾಂ ತೂಕದ ಇದರ ಭಾರವಾದ ಗುಂಡು ಮಧ್ಯಮ ದೂರದ ಬಳಕೆಗೆ ಸಾಕಾಗುತ್ತದೆ.

ಕಾನೂನಿನ ಚೌಕಟ್ಟು

1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆ 1878ರ ಬ್ರಿಟಿಷ್ ಕಾಯ್ದೆಯ ಸ್ಥಾನವನ್ನು ಪಡೆಯಿತು. ಮಾರ್ಪಾಡಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಇವು.

* ಕಾಯ್ದೆಯ ವ್ಯಾಖ್ಯಾನದಲ್ಲಿ ಆಯುಧದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಆಯುಧವೆಂದೇ ಪರಿಗಣಿತವಾಗಿವೆ. ಆದ್ದರಿಂದ ಬೇರೆ ನಳಿಗೆ ಅಥವಾ ಆ್ಯಕ್ಷನ್ ಒಂದನ್ನು ತಂದು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಕಾಯ್ದೆ ಅನ್ವಯಿಸುತ್ತದೆ.
* 3ನೇ ಕಲಮಿನ ಪ್ರಕಾರ ಬಂದೂಕು ಹೊಂದಲು ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಐದು ವರ್ಷಗಳಿಗೆ ಏರಿತು.
* 5ನೇ ಕಲಮಿನ ಪ್ರಕಾರ ತಯಾರಿಕೆ, ಮಾರಾಟ, ದುರಸ್ತಿ, ಪರೀಕ್ಷೆ ಮತ್ತು ಪರಿವರ್ತನೆಯ ಕಸುಬಿಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಹೊಂದುವ ಪರವಾನಗಿ ಇದಕ್ಕೆ ಸಾಲದು.
* 6ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆಯನ್ನು ಮೋಟುಗೊಳಿಸುವಂತಿಲ್ಲ, ಆಟಿಕೆ ಅಥವಾ ನಕಲಿ ಬಂದೂಕನ್ನು ಅಸಲಿಯಾಗಿಸುವಂತಿಲ್ಲ. ಒಂದು ವರ್ಗದ ಬಂದೂಕನ್ನು ಮತ್ತೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ 2019ರಲ್ಲಿ ಇದಕ್ಕೆ ಸೇರಿಸಲಾಯಿತು.
* 5 ಮತ್ತು 6ನೇ ಕಲಮುಗಳ ಉಲ್ಲಂಘನೆಗೆ 25ನೇ ಕಲಮಿನಡಿ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ವಿಧಿಸಬಹುದು.

ಇದರ ಫಲವಾಗಿ, ಬೇರೆ ದೇಶಗಳಲ್ಲಿ ಹವ್ಯಾಸಿಗಳು ಮನೆಯ ಕಾರ್ಯಾಗಾರದಲ್ಲಿಯೇ ನಡೆಸುವ ಮೂರನೆಯ ಬಗೆಯ ಬದಲಾವಣೆ ಭಾರತದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ಲಭ್ಯವಿಲ್ಲ. ಅವರಿಗೆ ಉಳಿಯುವುದು ಸ್ಟಾಕ್, ಮೆತ್ತೆ, ಭುಜಪಟ್ಟಿಗಳ ಹೊಂದಾಣಿಕೆ ಹಾಗೂ ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಮೂಲಕ ದುರಸ್ತಿ ಮಾತ್ರ.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಹೊಂದಲು ಪರವಾನಗಿಯಿಂದ ವಿನಾಯಿತಿ ಇದೆ. ಇದು ಬ್ರಿಟಿಷರ ಕಾಲದಿಂದ ಬಂದುದು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ರಾಜ್ಯದ ಉಳಿದ ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯಲ್ಲಿ ಹರಪನಹಳ್ಳಿ, ಗುಡೇಕೋಟೆ ಮತ್ತು ಜರಿಮಲೆಯ ಪಾಳೆಯಗಾರರು ಆಳ್ವಿಕೆ ನಡೆಸಿದ್ದರು. ಬೇಟೆ ಮತ್ತು ಸೈನಿಕ ವೃತ್ತಿಯ ಹಿನ್ನೆಲೆಯುಳ್ಳ ನಾಯಕ ಸಮುದಾಯ ಇಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಂತರ, ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೊ ಪಾಳೆಯಗಾರರ ಸೈನಿಕ ಬಲವನ್ನು ಮುರಿದನು. ಅಲ್ಲಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಉತ್ತರ ಕರ್ನಾಟಕದ ಹಲಗಲಿಯಲ್ಲಿ 1857ರಲ್ಲಿ ಬೇಡರು ದಂಗೆಯೆದ್ದುದು ನಿಶ್ಶಸ್ತ್ರೀಕರಣದ ಕಾಯ್ದೆಯ ವಿರುದ್ಧವೇ. ಕೋವಿಯ ಹಕ್ಕು ಈ ನಾಡಿನಲ್ಲಿ ರಾಜಕೀಯ ಪ್ರಶ್ನೆಯಾಗಿಯೂ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ಇಂದು ಈ ತಾಲ್ಲೂಕುಗಳಲ್ಲಿ ಕೋವಿಯ ಅಗತ್ಯ ಮುಖ್ಯವಾಗಿ ಬೆಳೆ ರಕ್ಷಣೆಗೆ ಸಂಬಂಧಿಸಿದುದು. ಮೆಕ್ಕೆಜೋಳ ಮತ್ತು ಶೇಂಗಾ ಹೊಲಗಳಿಗೆ ಕಾಡುಹಂದಿಗಳು ನುಗ್ಗುತ್ತವೆ. ಬಂಡೆಗುಡ್ಡಗಳ ಅಂಚಿನ ಹೊಲ ತೋಟಗಳಿಗೆ ಕರಡಿಗಳೂ ಇಳಿಯುತ್ತವೆ. ಬೆಳೆ ಕಾಯಲು ರೈತರು ರಾತ್ರಿ ಹೊಲದಲ್ಲಿಯೇ ಉಳಿಯಬೇಕಾಗುತ್ತದೆ.

ಆದರೆ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಸೂಚಿಸುವುದು ರೈಫಲ್ ಅಲ್ಲ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ, ನುಣುಪು ನಳಿಗೆಯ ಬೇರೆ ಕೋವಿಗೆ ಅನುಮತಿ ನೀಡಬಹುದು. ರೈಫಲ್‌ಗೆ ಪ್ರತ್ಯೇಕವಾಗಿ ಸಕಾರಣ ತೋರಿಸಬೇಕು. ಇದಕ್ಕೆ ಸುರಕ್ಷತೆಯ ಕಾರಣವೂ ಇದೆ. ಕೇಪಿನ ಕೋವಿಯ ಪರಿಣಾಮ ಕೆಲವು ಹತ್ತು ಮೀಟರುಗಳಿಗೆ ಸೀಮಿತ. ರೈಫಲ್‌ನ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಮರಗಳ ಮರೆಯಿಲ್ಲದ ಬಯಲುಸೀಮೆಯ ಹೊಲಗಳಲ್ಲಿ, ರಾತ್ರಿ ಹೊತ್ತು, ಆ ದೂರದೊಳಗೆ ಮತ್ತೊಂದು ಹೊಲದ ಕಾವಲುಗಾರನೋ ಒಂದು ಹಟ್ಟಿಯೋ ಇರುವ ಸಾಧ್ಯತೆ ಹೆಚ್ಚು.

ಅಭಯಾರಣ್ಯದ ನಿಯಮ ಇನ್ನೊಂದು ಮಿತಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಲ್ಲಿ ಅಥವಾ ಅದರ 10 ಕಿ.ಮೀ. ಸುತ್ತಳತೆಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಇಲ್ಲದೆ ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ನೀಡುವಂತಿಲ್ಲ.

ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ದೊರೆಯುವುದಿಲ್ಲ. ಕರಡಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಕಾಡುಹಂದಿ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯಾದಾಗ 11ನೇ ಕಲಮಿನಡಿ ಅಧಿಕೃತ ಅಧಿಕಾರಿ ಲಿಖಿತ ಅನುಮತಿ ನೀಡಬಹುದು. ಕರಡಿಯ ವಿಷಯದಲ್ಲಿ ಬೆಳೆಹಾನಿ ಕಾರಣವಾಗುವುದಿಲ್ಲ, ಮನುಷ್ಯರ ಜೀವಕ್ಕೆ ಅಪಾಯವಿರಬೇಕು ಅಥವಾ ಪ್ರಾಣಿ ಗುಣವಾಗದ ಸ್ಥಿತಿ ತಲುಪಿರಬೇಕು. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಕೊಂದುದು ಅಪರಾಧವಲ್ಲ. ಹೀಗೆ ಕೊಂದ ಪ್ರಾಣಿ ಸರ್ಕಾರದ ಸ್ವತ್ತಾಗುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಧನ ಕೋರಲು ಅವಕಾಶವಿದೆ.

ಅಕ್ರಮ ಮಾರ್ಪಾಡು ಮತ್ತು ಅಪಾಯಗಳು

ಪರವಾನಗಿ ಪಡೆಯುವ ದಾರಿ ದೀರ್ಘವಾದಾಗ ನಾಡಬಂದೂಕುಗಳ ಬಳಕೆ ತಲೆಯೆತ್ತುತ್ತದೆ. ಉತ್ತರ ಭಾರತದಲ್ಲಿ ಕಟ್ಟಾ ಎಂದು ಕರೆಯಲಾಗುವ ಅಕ್ರಮ ಪಿಸ್ತೂಲುಗಳಲ್ಲಿ ಹಲವು .315 ತೋಟಾಕ್ಕೆ ಹೊಂದಿಸಿದವು. ರೈಫಲ್‌ಗಾಗಿ ರೂಪಿಸಿದ ತೋಟಾದ ಒತ್ತಡವನ್ನು ಸಾಧಾರಣ ಕೊಳವೆ ತಡೆದುಕೊಳ್ಳಲಾರದು. ಅದು ಸಿಡಿದರೆ ಹಿಡಿದವರ ಕೈಬೆರಳುಗಳೇ ಹೋಗಬಹುದು. ಹಳೆಯ ಕೇಪಿನ ಕೋವಿಗೆ ಅಳತೆ ಮೀರಿ ಮದ್ದು ತುಂಬುವುದರಿಂದಲೂ ನಳಿಗೆ ಸೀಳುತ್ತದೆ. ತುಕ್ಕು ಹಿಡಿದ ಕೋವಿಯನ್ನು ಸ್ಥಳೀಯ ಕಮ್ಮಾರರಿಂದ ಬೆಸುಗೆ ಹಾಕಿಸುವುದು ಅಪರಾಧವೂ ಹೌದು, ಅಪಾಯವೂ ಹೌದು. ಬೆಸುಗೆಯ ಶಾಖದಿಂದ ಉಕ್ಕಿನ ಹದ ಕೆಟ್ಟು, ಹೊರಗೆ ಗಟ್ಟಿಯಾಗಿ ಕಂಡ ಭಾಗ ಒಳಗೆ ದುರ್ಬಲವಾಗಿರುತ್ತದೆ.

ಕ್ರೀಡಾ ಬಳಕೆ

ಬೇಟೆಗೆ ಅವಕಾಶವಿಲ್ಲದ ಭಾರತದಲ್ಲಿ ರೈಫಲ್‌ಗಳನ್ನು ವ್ಯಕ್ತಿಗೆ ತಕ್ಕಂತೆ ಹೊಂದಿಸುವ ಕಲೆ ಗುರಿ ಸ್ಪರ್ಧೆಗಳಲ್ಲಿ ಮುಂದುವರಿದಿದೆ. ಕೆನ್ನೆಯ ಆಸರೆ, ಹಿಂಬದಿಯ ಉದ್ದ, ಟ್ರಿಗರ್‌ನ ಭಾರ ಮೊದಲಾದವುಗಳನ್ನು ಸ್ಪರ್ಧಿಯ ದೇಹಕ್ಕೆ ಹೊಂದಿಸಲಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಅಂಗುಲ ಮೀರದ ಬೋರ್ ಮತ್ತು 20 ಜೂಲ್ ಮೀರದ ಶಕ್ತಿಯ ಗಾಳಿ ರೈಫಲ್‌ಗಳಿಗೆ ಪರವಾನಗಿ ಬೇಕಿಲ್ಲ. ಆದ್ದರಿಂದ ಹೊಂದಾಣಿಕೆಯ ತತ್ವಗಳನ್ನು ಕಲಿಯಬಯಸುವ ವಿದ್ಯಾರ್ಥಿಗಳಿಗೆ ಗಾಳಿ ರೈಫಲ್ ಸುಲಭವಾಗಿ ದೊರೆಯುವ ಸಾಧನವಾಗಿದೆ. ಆದರೆ ಅದನ್ನು ಈ ಮಿತಿಗಳನ್ನು ಮೀರುವಂತೆ ಬದಲಿಸಿದರೆ ಪರವಾನಗಿಯ ವಿನಾಯಿತಿ ಇಲ್ಲವಾಗುತ್ತದೆ.

ಇವನ್ನೂ ನೋಡಿ

* ಲೀ-ಎನ್‌ಫೀಲ್ಡ್
* ಶಸ್ತ್ರಾಸ್ತ್ರ ಕಾಯ್ದೆ, 1959
* ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972
* ಗುಡೇಕೋಟೆ ಕರಡಿಧಾಮ
* ಹಲಗಲಿ ಬೇಡರ ದಂಗೆ
* ವಿಜಯನಗರ ಜಿಲ್ಲೆ